ಎದುರಿಗೆ ಓದದ ಸುದ್ದಿ

ಹಾರ ಬಾಗಿಲಲ್ಲಿ ಹಿಡಿಸಲಿಲ್ಲ. ಹೊತ್ತು ತಂದ ಇಬ್ಬರು ಅದನ್ನು ಓರೆ ಮಾಡಿ ನೋಡಿದರು, ನೆಟ್ಟಗೆ ಮಾಡಿ ನೋಡಿದರು. ಒಬ್ಬ ಹೊರಗಿನಿಂದ ಒತ್ತಿದ, ಇನ್ನೊಬ್ಬ ಒಳಗಿನಿಂದ ಎಳೆದ. ಬಿಳಿ ಹೂಗಳು ಹೊಸಿಲಿನ ಮೇಲೆ ಉದುರಿದವು. ಬಿದಿರಿನ ಬಳೆಗೆ ಕಟ್ಟಿದ, ಗಾಡಿಚಕ್ರದಷ್ಟು ದೊಡ್ಡ ಹಾರ. ಅದರ ಅಡ್ಡಕ್ಕೆ ಕೆಂಪು ಪಟ್ಟಿ. ಪಟ್ಟಿಯ ಮೇಲೆ ಪುರಸಭೆಯ ಅಧ್ಯಕ್ಷರ ಹೆಸರು, ಹುದ್ದೆ ದಪ್ಪಕ್ಷರದಲ್ಲಿ. ಸತ್ತವಳ ಹೆಸರು ಕೆಳಗೆಲ್ಲೋ, ಜಾಗ ಉಳಿದದ್ದಕ್ಕೆ ಬರೆದಂತೆ.

"ಅಲ್ಲೇ ಬಿಡಿ," ಎಂದಳು ತಂಗಿ ಒಳಗಿನಿಂದ.

"ಅಧ್ಯಕ್ಷರು ಕಳ್ಸಿದ್ದು ಅಮ್ಮಾ. ಪಾದದ ಹತ್ರಾನೇ ಇಡ್ಬೇಕು ಅಂತ ಹೇಳಿದ್ದಾರೆ."

"ನಮ್ಮಕ್ಕ ಅವರ ಬಾಗಿಲಲ್ಲಿ ಹಿಡಿಸ್ಲಿಲ್ಲ. ಅವರ ಹಾರ ನಮ್ಮ ಬಾಗಿಲಲ್ಲಿ ಹಿಡಿಸ್ತಿಲ್ಲ. ಸರಿಹೋಯ್ತಲ್ಲ. ಬಿಡಿ ಅಲ್ಲೇ."

ಇಬ್ಬರೂ ಮುಖ ಮುಖ ನೋಡಿಕೊಂಡು ಹಾರವನ್ನು ಗೋಡೆಗೆ ಒರಗಿಸಿದರು. ಅವರಲ್ಲಿ ಕಿರಿಯವನು ಹೋಗುವ ಮೊದಲು ಬಗ್ಗಿ, ಹೊಸಿಲಿನ ಮೇಲೆ ಉದುರಿದ ಹೂಗಳನ್ನು ಬೊಗಸೆಯಲ್ಲಿ ಆಯ್ದು ತಂದು, ಮೇಜಿನ ಮೇಲೆ ಮಲಗಿದ್ದವಳ ಕೈಯ ಬಳಿ ಇಟ್ಟ. ತಂಗಿ ಅದನ್ನು ನೋಡಿದಳು. ಬೇಡವೆನ್ನಲಿಲ್ಲ.

ಅಕ್ಕನನ್ನು ಮಲಗಿಸಿದ್ದು ಪುಟ ಕಟ್ಟುವ ಮೇಜಿನ ಮೇಲೆ. ಮನೆಯಲ್ಲಿ ಅಷ್ಟು ಉದ್ದದ ಮೇಜು ಬೇರೆ ಇರಲಿಲ್ಲ. ಈ ಮುಂಗೋಣೆ ಹಿಂದೆ ದರ್ಜಿಯ ಅಂಗಡಿಯಾಗಿತ್ತು. ಅವನು ಬಿಟ್ಟುಹೋದ ನಿಲುವುಗನ್ನಡಿ ಇನ್ನೂ ಗೋಡೆಯ ಮೇಲಿತ್ತು. ನೆಲದ ಬಿರುಕುಗಳಲ್ಲಿ ಗುಂಡುಸೂಜಿಗಳು ಈಗಲೂ ಸಿಗುತ್ತಿದ್ದವು. ಇದೇ ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರೂ ಸೇರಿ ನಾಲ್ಕು ಪುಟದ ವಾರಪತ್ರಿಕೆ ಶುರುಮಾಡಿದ್ದರು. ಅಕ್ಕ ಊರು ಸುತ್ತಿ ಬರೆಯುತ್ತಿದ್ದಳು, ತಂಗಿ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದಳು. ಊರಿಗೆ ಅವರು ದೊಡ್ಡವರು, ಚಿಕ್ಕವರು; ಎದುರಿಗೆ ಕರೆದರೆ ದೊಡ್ಡಮ್ಮ, ಚಿಕ್ಕಮ್ಮ. ದೊಡ್ಡವರನ್ನು ಕಂಡರೆ ಊರು ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಿತ್ತು. ಚಿಕ್ಕವರನ್ನು ಊರು ಅಷ್ಟಾಗಿ ಕಂಡೇ ಇರಲಿಲ್ಲ.

ಅತ್ತಿಗೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. "ಈವತ್ತಾದ್ರೂ ನಾಲಿಗೆ ಬಿಗಿ ಹಿಡಿ ಮಾರಾಯ್ತಿ. ಅಧ್ಯಕ್ಷರು ಮಣ್ಣಿಗೆ ಬರ್ತಾರಂತೆ. ಮಾತಾಡ್ತಾರಂತೆ."

"ಬರ್ಲಿ."

"ಬರ್ಲಿ ಅನ್ನೋ ಧಾಟಿ ನೋಡು. ಸತ್ತೋಳು ಅವಳು, ಅವಳ ಧಾಟಿ ನಿನ್ ಮೈಮೇಲೆ ಬಂದಿದೆ."

ಅತ್ತಿಗೆ ಬೈದಳು, ಬೈಯುತ್ತಲೇ ತಂಗಿಯ ಕೈಗೆ ಬಿಸಿ ಲೋಟ ತುರುಕಿ, ಕುಡಿಯುವವರೆಗೆ ಕದಲದೆ ನಿಂತಳು.

*

ಅಕ್ಕ ದೊಡ್ಡ ಪತ್ರಿಕೆಯೊಂದರಲ್ಲಿ ಕರಡು ತಿದ್ದುವವಳಾಗಿದ್ದಳು. ತಲೆಗೂದಲು ಕಪ್ಪಿದ್ದಾಗ ಸೇರಿ ಬೆಳ್ಳಗಾದಾಗ ಬಿಟ್ಟಳು. ಬಿಟ್ಟ ದಿನ ಮನೆಗೆ ಬಂದು ಚೀಲ ಮೂಲೆಗೆಸೆದು ಹೇಳಿದ್ದಳು: "ಮಿಲ್ಲಿನ ಬಾಯ್ಲರ್ ಸಿಡಿದು ಜನ ಸತ್ತಿದ್ದಾರೆ ಕಣೇ. 'ಸಣ್ಣ ಅವಘಡ' ಅಂತ ಬರ್ದು ಕಳ್ಸಿದ್ರು. ಅವಘಡದ ಕಾಗುಣಿತ ಸರಿ ಇದ್ಯಾ ನೋಡೋದಷ್ಟೇ ನನ್ನ ಕೆಲ್ಸ. ಸರಿ ಇತ್ತು. ಸುಳ್ಳಿಗೆ ಅಲ್ಪವಿರಾಮ ಹಾಕಿ ಹಾಕಿ ನನಗೆ ಸಾಕಾಗಿದೆ."

ಮಾರನೆಯ ವಾರ ದರ್ಜಿಯ ಅಂಗಡಿ ಖಾಲಿಯಾಯಿತು. ಅಕ್ಕ ತಾನೇ ಸುಣ್ಣ ಹೊಡೆದಳು. ಬಾಗಿಲಿಗೆ ಫಲಕ ತೂಗುಹಾಕಲು ಮೊಳೆ ಹೊಡೆದವಳು ಹೆಬ್ಬೆರಳು ಜಜ್ಜಿಕೊಂಡು, ಬ್ಯಾಂಡೇಜು ಸುತ್ತಿದ ಕೈಯಲ್ಲೇ ಮೊದಲ ಸಂಚಿಕೆ ಬರೆದಳು. ಬಸ್ ನಿಲ್ದಾಣದ ಸೋರುವ ಮಾಡು, ಶಾಲೆಯ ಒಡೆದ ಕಿಟಕಿ, ಕೊನೆಯ ಪುಟದಲ್ಲಿ ಒಂದು ಮರಣವಾರ್ತೆ: ಊರಿಗೆಲ್ಲ ಬೇಕಾಗಿದ್ದ ನಿವೃತ್ತ ಬಸ್ ಕಂಡಕ್ಟರು ತೀರಿಕೊಂಡರು.

ಮಾರನೆಯ ಬೆಳಿಗ್ಗೆ ಆ ಕಂಡಕ್ಟರೇ ಪತ್ರಿಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ನನ್ನ ಮಣ್ಣಿಗೆ ಊರಿಗೆಲ್ಲ ಹೇಳಿದ್ದೀರಿ, ನನಗೊಂದು ಮಾತು ಹೇಳ್ಬಾರ್ದಿತ್ತಾ?"

ಸತ್ತವರು ಇನ್ನೊಬ್ಬ ಕಂಡಕ್ಟರು. ಅಕ್ಕನಿಗೆ ಯಾರೋ ಹೇಳಿದ್ದರು, ಅವಳು ಬರೆದಿದ್ದಳು, ಅಷ್ಟೇ. ಇವರ ಹೆಂಡತಿ ಪೇಪರು ಓದಿ, ಎದುರಿಗೇ ಕೂತು ಹಲ್ಲುಜ್ಜುತ್ತಿದ್ದ ಗಂಡನನ್ನು ನೋಡಿ ಕಿಟಾರನೆ ಕಿರುಚಿದ್ದರಂತೆ. ಪರವೂರಿನ ಭಾವಮೈದ ಹಾರ ಹಿಡಿದುಕೊಂಡೇ ಬಂದಿದ್ದನಂತೆ. ಅಕ್ಕ ಚಪ್ಪಲಿ ಮೆಟ್ಟಿದಳು. ಪತ್ರಿಕೆ ಹೋಗಿದ್ದ ಮನೆಮನೆಗೂ ಅವರನ್ನು ಕರೆದುಕೊಂಡು ಹೋಗಿ, "ಇವರು ಬದುಕಿದ್ದಾರೆ, ನಾನು ತಪ್ಪು ಬರ್ದೆ, ಮುಟ್ಟಿ ನೋಡಿ," ಎಂದಳು. ಕೆಲವರು ಮುಟ್ಟಿಯೇ ನೋಡಿದರು. ಅವತ್ತಿನಿಂದ ಅವರಿಗೆ ಊರಲ್ಲಿ 'ದಿವಂಗತರು' ಎಂಬ ಹೆಸರು ಬಿತ್ತು. ಅವರು ಸಿಟ್ಟಾಗಲಿಲ್ಲ, ಪತ್ರಿಕೆಯ ಮೊದಲ ಚಂದಾದಾರರಾದರು.

ಪತ್ರಿಕೆಗೊಂದು ನಿಯಮ ಹುಟ್ಟಿದ್ದೂ ಅವತ್ತೇ. ಯಾರ ಬಗ್ಗೆ ಬರೆದರೂ ಅಚ್ಚಿಗೆ ಹೋಗುವ ಮೊದಲು ಅವರ ಎದುರಿಗೆ ನಿಂತು ಪೂರ್ತಿ ಓದಬೇಕು. ಸುಳ್ಳಿದ್ದರೆ ಅವರು ಅಲ್ಲೇ ಹೇಳಬೇಕು. ಏನೇ ಹೇಳಿದರೂ ಅದನ್ನು ಕೆಳಗೆ ಅಚ್ಚು ಹಾಕಬೇಕು. ಎದುರಿಗೆ ಓದದ ಸುದ್ದಿ ಅಚ್ಚಾಗಬಾರದು. ಅಂದಿನಿಂದ ಒಂದೇ ಒಂದು ಸುದ್ದಿಯೂ ಹಾಗೆ ಅಚ್ಚಾಗಲಿಲ್ಲ. ಬೈಸಿಕೊಂಡು ಓದಿದಳು, ನಾಯಿ ಛೂ ಬಿಟ್ಟಾಗ ಗೇಟಿನ ಹೊರಗೆ ನಿಂತು ಕೂಗಿ ಓದಿದಳು.

*

"ದಿವಂಗತರು ಬಂದ್ರು, ಕುರ್ಚಿ ಕೊಡಿ," ಎಂದು ಯಾರೋ ಹೇಳಿದರು. ಹೊಸಬನೊಬ್ಬ ಬೆಚ್ಚಿ ಹಿಂದೆ ನೋಡಿದ. ಮೇಜಿನ ಸುತ್ತ ನಿಂತವರಿಗೆ ನಗು ಬಂತು, ನಕ್ಕಿದ್ದಕ್ಕೆ ಅಳು ಬಂತು.

ಮುದುಕರು ಕುರ್ಚಿ ಬೇಡವೆಂದು ಮೇಜು ಹಿಡಿದು ನಿಂತರು. "ನೋಡು ದೊಡ್ಡಮ್ಮ," ಎಂದರು ಮಲಗಿದ್ದವಳಿಗೆ, "ನನ್ನನ್ನ ಮೊದಲು ಕಳ್ಸಿ ನೀನು ಹಿಂದಿನಿಂದ ಬರ್ಬೇಕಿತ್ತು. ಇದರಲ್ಲೂ ತಪ್ಪು ಮಾಡಿದೆ."

ಅವರ ಹಿಂದೆಯೇ ಪ್ರೆಸ್ಸಿನ ಯಜಮಾನ ಬಂದ. ಕಣ್ಣೊರೆಸಿಕೊಂಡು ತಂಗಿಯನ್ನು ಕನ್ನಡಿಯ ಬಳಿಗೆ ಕರೆದ. ಜೇಬಿನಿಂದ ಮಡಚಿದ ಹಾಳೆ ತೆಗೆದ. ಈ ವಾರದ ಮುಖಪುಟ, ಪರೀಕ್ಷೆಗೆಂದು ತೆಗೆದ ಪ್ರತಿ. ಮೇಲಿನರ್ಧ ಪುಟ ಮಿಲ್ ಬೀದಿಯ ನೀರಿನ ತೊಟ್ಟಿಯ, ತುಕ್ಕು ಹಿಡಿದ ಅದರ ಬೀಗದ ಸುದ್ದಿ.

"ಸಂಜೆ ಅಚ್ಚು ಶುರುವಾಗ್ಬೇಕು ಚಿಕ್ಕಮ್ಮ. ಇದನ್ನ ತೆಗೀತೀನಿ. ಇಲ್ಲಿ ಅವರ ಫೋಟೋ, ಸುತ್ತ ಕಪ್ಪು ಚೌಕಟ್ಟು. ಅಧ್ಯಕ್ಷರು ಶ್ರದ್ಧಾಂಜಲಿ ಬರ್ದು ಕಳ್ಸಿದ್ದಾರೆ, ಚೆನ್ನಾಗೇ ಇದೆ."

"ತೆಗೆಯೋಕೆ ನೀವ್ಯಾರು?"

"ನಾನ್ಯಾರೂ ಅಲ್ಲ. ದೊಡ್ಡವರದ್ದೇ ನಿಯಮ. ಅಧ್ಯಕ್ಷರ ಬಗ್ಗೆ ಬರ್ದಿದ್ದಾರೆ, ಅಧ್ಯಕ್ಷರಿಗೆ ಓದಿಲ್ಲ. ಎದುರಿಗೆ ಓದದೆ ಅಚ್ಚಿಲ್ಲ. ನಾನೇ ಎಷ್ಟೋ ಸಲ ಮೆಷಿನ್ ನಿಲ್ಸಿ ಕಾದಿಲ್ವಾ ಅವರು ಓದಿ ಬರ್ಲಿ ಅಂತ?"

"ಮುಂದಿನ ವಾರ?"

ಅವನು ಧ್ವನಿ ತಗ್ಗಿಸಿದ. "ಮುಂದಿನ ವಾರಕ್ಕೆ ಸುದ್ದಿ ಎಲ್ಲಿರುತ್ತೆ? ಈವತ್ತು ಬೆಳಿಗ್ಗೆ ತೊಟ್ಟಿ ಹತ್ರ ಏಣಿ ಹಾಕಿದ್ದಾರೆ. ಹಳೇ ಬೀಗ ಕತ್ತರಿಸಿ ಹೊಸದು ಹಾಕ್ತಿದ್ದಾರೆ. ನಾನೇ ನೋಡ್ಕೊಂಡು ಬಂದೆ. ಆಮೇಲೆ ನೀವು ಏನೇ ಬರೀರಿ, ಬಂದು ನೋಡಿ ಅಂತಾರೆ. ಫಳಫಳ ಹೊಳೀತಿರುತ್ತೆ."

ಇಡೀ ರಾತ್ರಿ ಬಾರದ ಅಳು ತಂಗಿಗೆ ಈಗಲೂ ಬರಲಿಲ್ಲ. ಅದರ ಜಾಗದಲ್ಲಿ ಸಿಟ್ಟು ಬಂತು. ಅಕ್ಕನ ನಿಯಮ! ಅಕ್ಕ ಬಡವರ ಮರ್ಯಾದೆ ಕಾಯಲೆಂದು ಕಟ್ಟಿಕೊಂಡ ಬೇಲಿಯೊಳಗೆ ಆ ಮನುಷ್ಯ ಹಾಯಾಗಿ ಹೋಗಿ ಕೂತಿದ್ದಾನೆ. ಕಿವಿ ಕೊಡದಿದ್ದರೆ ಸಾಕು, ಅವನ ಸುದ್ದಿ ಅಚ್ಚಾಗುವುದಿಲ್ಲ. ಅದಕ್ಕೇ ಓದಲು ಹೋದವಳನ್ನು ಮೂರು ದಿನ ಕಚೇರಿಯ ಬಾಗಿಲಾಚೆ ಕೂರಿಸಿದ್ದು.

"ಹಾಗಾದ್ರೆ ನೀವೇ ಓದಿ ಅವರಿಗೆ," ಎಂದಳು.

"ನನಗೆ ಮಕ್ಕಳಿದ್ದಾರೆ ಚಿಕ್ಕಮ್ಮ. ಪುರಸಭೆ ಕೆಲ್ಸಾನೂ ನನ್ನ ಪ್ರೆಸ್ಸಿಗೇ ಬರುತ್ತೆ." ಅವನು ನೆಲ ನೋಡಿದ. ಅದೇ ಮನುಷ್ಯ ಹಾಳೆಯನ್ನು ಮತ್ತೆ ಜೇಬಿಗಿಡುವಾಗ, ಅಕ್ಕನ ಹೆಸರಿದ್ದ ಜಾಗದಲ್ಲಿ ಮಡಿಕೆ ಬೀಳದಂತೆ ಜೋಪಾನವಾಗಿ ಮಡಚಿದ.

*

ಶವವಾಹನ ಬರುವ ಮೊದಲು ಪುರಸಭೆಯಲ್ಲಿ ಕಸ ಗುಡಿಸುವ ಹೆಂಗಸು ಬಂದಳು. ಹಿತ್ತಿಲ ಬಾಗಿಲಿಂದ ಬಂದು ಅಡುಗೆಮನೆಯಲ್ಲೇ ನಿಂತಳು. ಕೈಯಲ್ಲಿ ಅಕ್ಕನ ಚಪ್ಪಲಿ, ಕೊಡೆ. ಚಪ್ಪಲಿಯ ಧೂಳು ಒರೆಸಿ, ಜೊತೆಮಾಡಿ ಕಾಗದದಲ್ಲಿ ಸುತ್ತಿದ್ದಳು.

"ಬೆಂಚಿನ ಕೆಳಗೆ ಉಳಿದಿತ್ತು. ಯಾರಾದ್ರೂ ಎಸೆದುಬಿಡ್ತಾರೆ ಅಂತ ತಂದೆ."

ತಂಗಿ ಅವಳನ್ನು ಕೂರಿಸಿದಳು. "ನೀನೇ ಅಲ್ವಾ ಮೊದಲು ನೋಡಿದ್ದು? ಹೇಳು."

"ಮೂರನೇ ದಿನ ಚಿಕ್ಕಮ್ಮ ಅದು. ದೊಡ್ಡವರು ಬೆಳಿಗ್ಗೇನೇ ಬಂದು ಕೂತ್ರು. ಅಧ್ಯಕ್ಷ ಸಾಹೇಬ್ರು ಒಳಗೇ ಇದ್ರು. ಮೀಟಿಂಗು ಅಂದ್ರು. ಯಾರಿದ್ರು ಮೀಟಿಂಗಿಗೆ? ಟೀ ಒಂದೇ ಲೋಟ ಹೋಯ್ತು ಒಳಕ್ಕೆ. ಮಧ್ಯಾಹ್ನ ಹಿಂದಿನ ಬಾಗಿಲಿಂದ ಕಾರು ಹತ್ತಿ ಹೋದ್ರು. ಇವರಿಗೆ ಯಾರೂ ಹೇಳ್ಲಿಲ್ಲ. ನಾನು ಹೇಳೋಣ ಅಂತ ಬಂದೆ, ಕುತ್ತಿಗೆ ವಾಲಿತ್ತು. ಪಾಪ, ನಿದ್ದೆ ಬಂದಿದೆ, ಎಬ್ಬಿಸೋದು ಬೇಡ ಅಂತ ನನ್ನ ಶಾಲು ಮಡಚಿ ತಲೆಗೆ ಕೊಟ್ಟೆ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕೆನ್ನೆ ಕೈಗೆ ತಾಗ್ತು. ತಣ್ಣಗಿತ್ತು."

"ಆಮೇಲೆ?"

"ಆಮೇಲೆ ಕಾರ್ಯದರ್ಶಿ ಬಂದ. ಇಲ್ಲಿ ಬೇಡ, ಹೊರಗೆ ಗೇಟಿನ ಹತ್ರ ಮಲಗ್ಸು, ಅಲ್ಲೇ ಆಗಿದ್ದು ಅಂತ ಹೇಳೋಣ ಅಂದ. ನಾನು ಮುಟ್ಟಲ್ಲ ಅಂದೆ. ಕೆಲ್ಸ ಹೋಗುತ್ತೆ ಅಂದ. ಹೋಗ್ಲಿ, ಇವರ ಮನೆಯವರು ಬರೋವರೆಗೂ ಇವರು ಏಳಲ್ಲ, ನಾನೂ ಏಳಲ್ಲ ಅಂತ ಪಕ್ಕದಲ್ಲೇ ಕೂತೆ."

ನಿನ್ನೆ ತಾನು ಓಡಿ ಹೋದಾಗ ಬೆಂಚಿನ ಮೇಲೆ ಅಕ್ಕನ ಪಕ್ಕ, ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳು ಕೂತಿದ್ದುದು ತಂಗಿಗೆ ನೆನಪಾಯಿತು. ಯಾರೆಂದು ಕೇಳುವಷ್ಟೂ ವ್ಯವಧಾನವಿರಲಿಲ್ಲ. ಅವಳು ಈಗ ಆ ಒರಟು ಕೈಯನ್ನು ಹಿಡಿದುಕೊಂಡಳು. ಅಡುಗೆಮನೆಯ ಆಚೆಗೆ ಅತ್ತಿಗೆ ಯಾರಿಗೋ ದಾರಿ ಹೇಳುತ್ತಿದ್ದಳು.

ಪುಟ ಕಟ್ಟಿದ ದಿನ ಆ ಸುದ್ದಿಯನ್ನು ಇಬ್ಬರೂ ಕೂತು ಓದಿ ನೋಡಿದ್ದರು. ಅದು ಅಕ್ಕ ಕಲಿಸಿದ ಪದ್ಧತಿ. ತಂಗಿ ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮವನ್ನೂ ಬಾಯಲ್ಲಿ ಹೇಳಬೇಕು. ಅಕ್ಕ ಕಣ್ಣುಮುಚ್ಚಿ ಕೇಳಬೇಕು. ಕಣ್ಣಿಗೆ ಮೋಸವಾಗುತ್ತೆ, ಕಿವಿಗೆ ಆಗಲ್ಲ ಎನ್ನುತ್ತಿದ್ದಳು. ಇಷ್ಟು ವರ್ಷ ತಂಗಿ ಓದಿದ್ದೆಲ್ಲ ಆ ಒಂದು ಜೊತೆ ಕಿವಿಗೆ. ಹೊರಗಿನವರೆದುರು ಅವಳ ಧ್ವನಿ ಎರಡು ಮಾತಾಡುವಷ್ಟರಲ್ಲಿ ಅಡಗಿಹೋಗುತ್ತಿತ್ತು.

ತಂಗಿ ಎದ್ದು ಹೋಗಿ ಮೇಜಿನ ಖಾನೆಯಿಂದ ಆ ಪುಟದ ಪ್ರತಿ ತೆಗೆದು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಸ್ಮಶಾನದಲ್ಲಿ ಅವಳು ಎಣಿಸಿದ್ದಕ್ಕಿಂತ ಹೆಚ್ಚು ಜನರಿದ್ದರು. ಮಿಲ್ ಬೀದಿಯವರು ಹಿಂದೆ, ಗೋಡೆಯುದ್ದಕ್ಕೂ ನಿಂತಿದ್ದರು. ಅವರಲ್ಲೊಬ್ಬಳು ಚಿಕ್ಕ ಪ್ರಾಯದ ತಾಯಿ, ಸೊಂಟದ ಮೇಲೆ ಮಗುವಿಲ್ಲದೆಯೂ ಸೊಂಟ ಓರೆ ಮಾಡಿಯೇ ನಿಂತಿದ್ದಳು.

ಅಕ್ಕನನ್ನು ಗುಂಡಿಗೆ ಇಳಿಸಿದರು. ಗುಂಡಿ ತೋಡಿದವರು ಸಲಿಕೆಗೆ ಕೈ ಹಾಕುವಷ್ಟರಲ್ಲಿ ಕಾರ್ಯದರ್ಶಿ ಕೈಯೆತ್ತಿ ತಡೆದ. "ಅಧ್ಯಕ್ಷರು ಎರಡು ಮಾತಾಡ್ತಾರೆ."

ಅಧ್ಯಕ್ಷರು ಎಲ್ಲರಿಗೂ ಕಾಣುವಂತೆ ತಲೆಯ ಕಡೆಗೆ ಹೋಗಿ ನಿಂತರು. ಮುಂದೆ ತೆರೆದ ಗುಂಡಿ, ಬೆನ್ನಿಗೆ ತೋಡಿ ಹಾಕಿದ ಮಣ್ಣಿನ ರಾಶಿ, ಎರಡೂ ಬದಿಗೆ ಜನ. ಬಿಳಿ ಬಟ್ಟೆ, ಹೊಸ ಬೂಟು, ಇಂಪಾದ ಧ್ವನಿ.

"ಇಂಥ ನಿರ್ಭೀತ ಹೆಣ್ಣುಮಗಳು ಈ ಊರಿಗೆ ಇನ್ನು ಸಿಗೋದಿಲ್ಲ. ನಮ್ಮನ್ನ ಟೀಕೆ ಮಾಡಿದ್ರು, ನಾವು ಅದನ್ನ ತಾಯಿ ಬೈಗುಳ ಅಂತ ತಿಳ್ಕೊಂಡ್ವಿ. ಕೊನೇ ಉಸಿರನ್ನೂ ಅವರು ನಮ್ಮ ಕಚೇರಿಯಲ್ಲೇ ಬಿಟ್ರು, ತವರುಮನೆಯಲ್ಲಿ ಬಿಟ್ಟ ಹಾಗೆ..."

ತವರುಮನೆ. ತಂಗಿಯ ಕಾಲು ತಾನಾಗಿ ಮುಂದಕ್ಕೆ ಹೋಯಿತು. ಅತ್ತಿಗೆಯ ಕೈ ಅವಳ ಸೆರಗಿಗೆ ಬಂತು, ಒಂದು ಕ್ಷಣ ಹಿಡಿಯಿತು, ಆಮೇಲೆ ಯಾಕೋ ಬಿಟ್ಟಿತು.

ಅವಳು ಗುಂಡಿಯ ಈಚೆ ಬದಿಗೆ, ಅಧ್ಯಕ್ಷರಿಗೆ ನೇರ ಎದುರಾಗಿ ನಿಂತು ಹಾಳೆ ಬಿಡಿಸಿದಳು.

"ನಿಮ್ಮ ಬಗ್ಗೆ ಬರ್ದಿದೆ. ಅಚ್ಚಿಗೆ ಹೋಗೋ ಮೊದಲು ಓದ್ತೀನಿ. ಸುಳ್ಳಿದ್ರೆ ಹೇಳಿ."

ಅಧ್ಯಕ್ಷರು ಮುಗುಳ್ನಗಲು ನೋಡಿದರು. "ತಾಯೀ, ದುಃಖದಲ್ಲಿದ್ದೀರಿ..."

"ಮಿಲ್ ಬೀದಿಗೆ ನೀರು ಕೊಡುವ ತೊಟ್ಟಿಯನ್ನು ತಪ್ಪದೆ ತೊಳೆಯಲಾಗುತ್ತಿದೆ ಎಂದು ತೊಟ್ಟಿಯ ಮೈಮೇಲೆ ಬರೆದಿದೆ, ಪೂರ್ಣವಿರಾಮ. ಬರಹದ ಬಣ್ಣ ಹೊಸದು, ಅಲ್ಪವಿರಾಮ..."

"ಕೇಳಿಸ್ತಿಲ್ಲಮ್ಮ," ಎಂದಿತು ಗೋಡೆಯ ಕಡೆಯಿಂದ ಒಂದು ದನಿ. "ಸ್ವಲ್ಪ ಜೋರಾಗಿ."

ಅವಳು ಉಸಿರೆಳೆದುಕೊಂಡಳು. "ಬರಹದ ಬಣ್ಣ ಹೊಸದು, ಅಲ್ಪವಿರಾಮ, ಬೀಗ ಹಳೆಯದು, ಪೂರ್ಣವಿರಾಮ. ಬೀಗ ತುಕ್ಕು ಹಿಡಿದು ಕೊಂಡಿಗೆ ಬೆಸೆದುಹೋಗಿದೆ, ಪೂರ್ಣವಿರಾಮ. ಅದನ್ನು ತೆರೆಯದೆ ತೊಟ್ಟಿಯೊಳಗೆ ಇಳಿಯಲು ಬೇರೆ ದಾರಿಯಿಲ್ಲ, ಪೂರ್ಣವಿರಾಮ."

"ಮೇಡಂ, ಇದು ಸಮಯ ಅಲ್ಲ," ಎಂದು ಕಾರ್ಯದರ್ಶಿ ಮುಂದೆ ಬಂದ.

ದಿವಂಗತರು ಕೋಲು ಅಡ್ಡ ಹಿಡಿದರು. "ಸಮಯ ಬೇಕು ಅಂತ್ಲೇ ಮೂರು ದಿನ ಕೂತಿದ್ಲಲ್ಲಪ್ಪ ಅವಳು. ಈಗ ಪುರಸೊತ್ತಾಗಿದೆ. ಓದಮ್ಮ."

"ಈ ಚಳಿಗಾಲದಲ್ಲಿ ಆ ಬೀದಿಯಲ್ಲಿ ಕಾಮಾಲೆಯಿಂದ ಒಬ್ಬ ಅಜ್ಜ ತೀರಿಕೊಂಡರು, ಪೂರ್ಣವಿರಾಮ. ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ ಒಂದು ಹೆಣ್ಣುಮಗು ತೀರಿಕೊಂಡಿತು, ಪೂರ್ಣವಿರಾಮ." ಓರೆ ಸೊಂಟದ ತಾಯಿ ನಿಂತಲ್ಲೇ ಕೂತಳು. ಪಕ್ಕದವಳೂ ಅವಳ ಜೊತೆ ಕೂತಳು. ತಂಗಿಯ ಕಣ್ಣು ಮಂಜಾಯಿತು, ಸಾಲು ಅಲುಗಿತು. "ಪತ್ರಿಕೆ ಕೇಳಿದಾಗ ಕಚೇರಿ ಉತ್ತರ ಕೊಡಲಿಲ್ಲ, ಪೂರ್ಣ..."

"ಒಂದು ಸಾಲು ಬಿಟ್ರಿ," ಎಂದ ಯಾರೋ.

ಪ್ರೆಸ್ಸಿನ ಯಜಮಾನ. ಜನರ ನಡುವೆ ತನ್ನ ಪ್ರತಿಯನ್ನು ಬಿಡಿಸಿ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಂತಿದ್ದ. ಮುಖ ಬೆವತಿತ್ತು. ಬೆರಳು ಸಾಲು ಬಿಟ್ಟು ಕದಲಿರಲಿಲ್ಲ.

"ಮೇಲಿನ ಸಾಲು, ಚಿಕ್ಕಮ್ಮ. 'ತೊಳೆಯಲಾಗಿದೆ' ಅಂತ ಶುರುವಾಗುತ್ತಲ್ಲ, ಅದು. ಅದಿಲ್ದೆ ಅಚ್ಚು ಹಾಕೋಕೆ ಬರಲ್ಲ."

ಅಧ್ಯಕ್ಷರು ಆ ಕಡೆ ತಿರುಗಿ ನೋಡಿದರು. ಅವರ ಮುಖದಿಂದ ಮುಗುಳ್ನಗೆ ಇಳಿದುಹೋಗಿತ್ತು. ಕಾರಿನ ಕಡೆ ಕಣ್ಣು ಹಾಯಿಸಿ ಎಡಕ್ಕೆ ಹೆಜ್ಜೆ ಇಟ್ಟರು. ಎಡಗಡೆಯವರು ಅಡ್ಡ ಬರಲಿಲ್ಲ, ಬೈಯಲಿಲ್ಲ, ಬರೀ ಸರಿಯಲಿಲ್ಲ. ಬಲಗಡೆ ಗುಡಿಸುವ ಹೆಂಗಸು ಕೈಕಟ್ಟಿ ನಿಂತಿದ್ದಳು, ಅವಳೂ ಸರಿಯಲಿಲ್ಲ. ಉಳಿದದ್ದು ಬೆನ್ನ ಹಿಂದಿನ ಮಣ್ಣಿನ ರಾಶಿ. ಅಧ್ಯಕ್ಷರು ತಿರುಗಿ ಅದನ್ನೇ ಹತ್ತತೊಡಗಿದರು.

"ತೊಳೆಯಲಾಗಿದೆ ಎಂದು ಪ್ರತಿ ಸಲವೂ," ಎಂದು ತಂಗಿ ಓದಿದಳು, ಈಗ ಅವಳ ಧ್ವನಿ ಗೋಡೆಯವರೆಗೂ ಹೋಗುತ್ತಿತ್ತು, "ಸಹಿ ಹಾಕಿದವರು..."

ಹಸಿ ಮಣ್ಣು ಜರಿಯಿತು. ಹೊಸ ಬೂಟು ಹಿಮ್ಮಡಿಯವರೆಗೆ ಹೂತುಹೋಯಿತು. ಅಧ್ಯಕ್ಷರು ಎರಡೂ ಕೈ ಅಗಲಿಸಿ ತೂಗಾಡಿದರು, ಗುಂಡಿಯ ಕಡೆಗೆ ಅರ್ಧ ವಾಲಿದರು. ಗುಂಡಿ ತೋಡಿದವನೊಬ್ಬ ಸುಮ್ಮನಿರಲಾರದೆ ತನ್ನ ಸಲಿಕೆಯ ಹಿಡಿಯನ್ನು ಚಾಚಿದ. ಅವರು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡರು.

ತಂಗಿ ಓದು ನಿಲ್ಲಿಸಿದಳು. ಎದುರಿಗೆ ಓದಬೇಕು, ಪೂರ್ತಿ ಕೇಳಿಸಬೇಕು. ಸಾಲಿನ ಮೇಲೆ ಹೆಬ್ಬೆರಳು ಒತ್ತಿಟ್ಟುಕೊಂಡು, ಅವರ ಕಾಲು ಊರುವವರೆಗೆ, ಮುಖ ಈ ಕಡೆ ತಿರುಗುವವರೆಗೆ ಕಾದಳು. ಆಮೇಲೆ ಆ ವಾಕ್ಯವನ್ನು ಮೊದಲಿಂದ ಶುರುಮಾಡಿದಳು.